ಶುಭದಾಬಾಯಿಯ ಹೊಟ್ಟೆಕಿಚ್ಚಿನ ಮಾರ್ಚ್

ಶುಭದಾಬಾಯಿಗೆ ಹೊಟ್ಟೆಕಿಚ್ಚು ಅಂದರೆ ಬೆಳಗಾವಿಯ ಟಿಳಕವಾಡಿಯ ಜನ ನಕ್ಕುಬಿಡುತ್ತಾರೆ. ಛೇ ಛೇ, ಆ ತಾಯಿಗೆಲ್ಲಿಯ ಹೊಟ್ಟೆಕಿಚ್ಚು, ಅಷ್ಟು ತಣ್ಣಗಿನ ಹೆಂಗಸು ಈ ಓಣಿಯಲ್ಲೇ ಇಲ್ಲ ಎನ್ನುತ್ತಾರೆ. ಜನ ಏನಾದರೂ ಅನ್ನಲಿ. ಆಕೆಯ ಹೊಟ್ಟೆಯೊಳಗೆ ಒಂದು ಒಲೆ ಹತ್ತಿಕೊಂಡು ವರ್ಷಗಳೇ ಆಗಿದ್ದವು, ಆ ಒಲೆಗೆ ಹೆಸರೂ ಇತ್ತು. ಮುಗ್ಧಾ. ಗಂಡನ ತಮ್ಮನ ಹೆಂಡತಿ, ಸ್ವಂತ ನೆಗೆಣ್ಣಿ.

ಶುಭದಾ ಈ ಕೆಲಸಕ್ಕೆ ಇಳಿದಾಗ ಮ್ಯೂಚುವಲ್ ಫಂಡ್ ಅಂದರೆ ಬೆಳಗಾವಿಯ ಅರ್ಧ ಮಂದಿ ಚೀಟಿ ವ್ಯವಹಾರವೆಂದೇ ತಿಳಿದಿದ್ದರು. ಗಂಡ ಗಜಾನನ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಆತನಿಗೆ ಊಟದ ಡಬ್ಬಿ ಕೊಡಲು ಹೋದವಳು, ಪಾಳಿ ಬಿಟ್ಟು ಹೊರಬರುವ ಕೆಲಸಗಾರರ ಜೊತೆ ಗೇಟಿನಲ್ಲೇ ನಿಂತು ಮಾತಾಡುತ್ತಾ ಮಾತಾಡುತ್ತಾ ಏಜೆಂಟಾದಳು. ಕೈಗೆ ಮಸಿ ಹತ್ತಿದ ಗಂಡಸರು, "ಬಾಯಾರ, ಈ ರೊಕ್ಕ ಮುಳುಗೂದಿಲ್ಲ ಅಂತ ಬರದ ಕೊಡ್ತೀರೇನ್ರಿ?" ಎಂದು ಕೇಳಿದರೆ, "ಬರದ ಕೊಡೂದಿಲ್ಲರಿ. ಏರತದ, ಇಳೀತದ. ತಾಳ್ಮಿ ಇದ್ದರ ಬರ್ರಿ, ಇಲ್ಲಾಂದ್ರ ಬ್ಯಾಂಕಿನ್ಯಾಗ ಇಡ್ರಿ" ಎನ್ನುತ್ತಿದ್ದಳು. ಹೀಗೆ ಮುಖಕ್ಕೆ ಹೊಡೆದಂತೆ ಹೇಳಿದ್ದಕ್ಕೇ ಜನ ನಂಬಿದರು. ಉದ್ಯಮಬಾಗದಿಂದ ಪೀರನವಾಡಿ, ಪೀರನವಾಡಿಯಿಂದ ಖಾನಾಪುರ, ಅವಳ ಸ್ಕೂಟಿ ಓಡಾಡದ ರಸ್ತೆಯಿರಲಿಲ್ಲ. ಮದುವೆ, ಮುಂಜಿವೆ, ಸುನ್ನತಿ ಯಾವುದಿದ್ದರೂ ಗಿರಾಕಿಗಳ ಮನೆಯಿಂದ ಶುಭದಾಬಾಯಿಗೆ ಕರೆ ಬರಲೇಬೇಕು.

ಮುಗ್ಧಾ ನಿಪ್ಪಾಣಿಯಿಂದ ಸೊಸೆಯಾಗಿ ಬಂದಳು. "ಅಕ್ಕಾ, ನನಗೂ ಏನರೆ ಕೆಲಸ ಕಲಿಸ್ರಿ, ಮನ್ಯಾಗ ಕೂತ ಕೂತ ಬ್ಯಾಸರ ಬಂದದ" ಎಂದು ಬೆನ್ನು ಹತ್ತಿದಳು. ಕಲಿಸಿದ್ದು ಯಾರು? ಇದೇ ಶುಭದಾ! ಪರೀಕ್ಷೆ ಕಟ್ಟಿಸಿದ್ದು, ನೋಂದಣಿ ಮಾಡಿಸಿದ್ದು, ಸ್ಕೂಟಿಯ ಹಿಂದೆ ಕೂರಿಸಿಕೊಂಡು ಊರೆಲ್ಲ ತಿರುಗಿಸಿದ್ದು, ಎಲ್ಲ ಇದೇ ಶುಭದಾ. ಒಂದು ಮಾತನ್ನಂತೂ ತಲೆಗೆ ಕುಟ್ಟಿ ಕುಟ್ಟಿ ಹೇಳಿದ್ದಳು. ಈಗೆಲ್ಲ ಸಹಿ ಇಲ್ಲ, ಕಾಗದ ಇಲ್ಲ. ಏಜೆಂಟ್ ತನ್ನ ಕಂಪ್ಯೂಟರಿನಲ್ಲಿ ವ್ಯವಹಾರ ಹಾಕುತ್ತಾನೆ, ಗಿರಾಕಿಯ ಫೋನಿಗೆ ಒಂದು ಮೆಸೇಜು ಬರುತ್ತದೆ, ಅದರಲ್ಲಿನ ಓಟಿಪಿ ಸಂಖ್ಯೆ ಹೇಳಿದರೆ ಹಣ ಆಚೆಯಿಂದ ಈಚೆ. ಆದ್ದರಿಂದ ಸಂಖ್ಯೆ ಕೇಳುವ ಮೊದಲು ಆ ಮೆಸೇಜನ್ನು ಗಿರಾಕಿಯಿಂದ ಪೂರ್ತಿ ಓದಿಸಬೇಕು, ಓದಿಸದೆ ಕೇಳುವುದು ಕಿಸೆಗೆ ಕೈ ಹಾಕಿದಂತೆ ಎಂದು.

ಕಲಿತವಳು ಸುಮ್ಮನಿದ್ದಳೇ? ನಾಲ್ಕೇ ವರ್ಷಕ್ಕೆ ಮುಖ್ಯ ರಸ್ತೆಯಲ್ಲಿ ಗಾಜಿನ ಬಾಗಿಲಿನ ಆಫೀಸು, ಏಸಿ, ಕೈಕೆಳಗೆ ಇಬ್ಬರು ಹುಡುಗಿಯರು. ಫೋನಿನಲ್ಲಿ ವಿಡಿಯೋ ಬೇರೆ. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ, ಬೆರಳು ಎತ್ತಿ ಉಳಿತಾಯದ ಪಾಠ. ಭಾಜಿ ಮಾರ್ಕೆಟ್ಟಿನಲ್ಲಿ ಇಬ್ಬರೂ ಕೂಡಿ ಹೋದರೆ ಜನ ಮುಗ್ಧಾಳನ್ನು ತಡೆದು, "ನೀವು ವಿಡಿಯೋದಾಗ ಬರೋರ ಅಲ್ಲೇನ್ರಿ?" ಎನ್ನುವರು. ಶುಭದಾ ಮೆಂತ್ಯದ ಸೂಡಿನ ಬೇರು ಬಿಡಿಸುತ್ತ ನಿಲ್ಲುವಳು. ಒಂದು ಸಲ ಒಬ್ಬ ಹೆಂಗಸು ಆಕೆಯ ಕಡೆ ತಿರುಗಿ, "ನೀವು ಮುಗ್ಧಾ ಮೇಡಮ್ಮರ ಆಫೀಸಿನ್ಯಾಗ ಕೆಲಸಕ್ಕ ಇದ್ದೀರೇನ್ರಿ?" ಎಂದುಬಿಟ್ಟಳು. ಅಯ್ಯೋ ದೇವರೇ! ಅವತ್ತು ರಾತ್ರಿ ಶುಭದಾಳಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಅತ್ತೆ ಕಾಂತಾಬಾಯಿಗೆ ಸಣ್ಣ ಸೊಸೆ ಅಂದರೆ ತಲೆಯ ಮೇಲಿನ ಹೂವು. "ಸಣ್ಣಾಕಿ ಭಾಳ ಚುರುಕು ನೋಡು. ನೀನೂ ಕಷ್ಟ ಪಡ್ತಿ, ಇಲ್ಲ ಅನ್ನೂದಿಲ್ಲ" ಎಂದು ಹೊಗಳಿಕೆಯ ಬಾಲಕ್ಕೆ ಇವಳನ್ನು ಕಟ್ಟುವರು. ವರ್ಷಕ್ಕೊಮ್ಮೆ ಫಂಡ್ ಕಂಪನಿಯೊಂದು ಹೋಟೆಲಿನಲ್ಲಿ ಸಮಾರಂಭ ಮಾಡುತ್ತಿತ್ತು. ಜಿಲ್ಲೆಯಲ್ಲಿ ಹೆಚ್ಚು ವ್ಯವಹಾರ ತಂದವರಿಗೆ ಶೀಲ್ಡು, ಶಾಲು, ಜೊತೆಗೆ ವಿದೇಶ ಪ್ರವಾಸ. ಪ್ರವಾಸಕ್ಕೆ ಅವರು ತರಬೇತಿ ಎಂದು ಹೆಸರಿಟ್ಟಿದ್ದರು, ಸಮುದ್ರದ ದಂಡೆಯಲ್ಲಿ ಯಾವ ತರಬೇತಿಯೋ ದೇವರಿಗೇ ಗೊತ್ತು. ಎರಡು ವರ್ಷ ಸತತ ಆ ಶೀಲ್ಡು ಮುಗ್ಧಾಳ ಪಾಲಾಯಿತು. ಶುಭದಾ ಕೆಳಗೆ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಅಂಗೈ ಕೆಂಪಾಗುವಂತೆ ತಟ್ಟಿದಳು, ಯಾರಿಗೂ ಅನುಮಾನ ಬರಬಾರದೆಂದು.

ಹೊಟ್ಟೆಕಿಚ್ಚಿನವರಿಗೆ ಒಂದೇ ಆಸೆ, ಎದುರಿನವರಲ್ಲಿ ಹುಳುಕು ಸಿಗಬೇಕು. ಶುಭದಾ ಹುಡುಕಿದಳು. ಮುಗ್ಧಾ ಕಮಿಷನ್ನಿಗಾಗಿ ಗಿರಾಕಿಗಳ ಹಣವನ್ನು ಸುಮ್ಮಸುಮ್ಮನೆ ಈ ಫಂಡಿನಿಂದ ಆ ಫಂಡಿಗೆ ತಿರುಗಿಸುತ್ತಿದ್ದಾಳೋ ಎಂದು ಅವರಿವರನ್ನು ಮಾತಿಗೆಳೆದು ನೋಡಿದಳು. ಏನೂ ಸಿಗಲಿಲ್ಲ. ಹುಡುಗಿ ಚೊಕ್ಕಾಗಿಯೇ ಕೆಲಸ ಮಾಡುತ್ತಿದ್ದಳು. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ಮೂರನೇ ವರ್ಷ ಮಾರ್ಚಿನಲ್ಲಿ ಆ ಫಂಡ್ ಕಂಪನಿಯ ಮ್ಯಾನೇಜರ್ ವಿನೀತ ಫೋನು ಮಾಡಿದ. ಅವನ ಮಾತು ಕುಂದಾಕ್ಕಿಂತ ಸಿಹಿ. "ಮೇಡಂ, ಈ ಸಲ ನೀವು ಮುಗ್ಧಾ ಮೇಡಮ್ಮರ ಬೆನ್ನ ಹತ್ತೀರಿ ನೋಡ್ರಿ. ಇಷ್ಟ ಸ್ವಲ್ಪ ಕಡಿಮಿ ಬಿದ್ದದ."

"ಎಷ್ಟ?" ಎಂದಳು ಶುಭದಾ.

"ಭಾಳ ಇಲ್ಲರಿ. ತೆರಿಗಿ ಉಳಿಸೂ ಫಂಡಿಗೆ ಈ ತಿಂಗಳ ಶೀಲ್ಡಿಗೆ ಡಬಲ್ ಲೆಕ್ಕ ಹಿಡಿತೀವಿ. ಹಳೇ ಗಿರಾಕಿ ಯಾರರೆ ಇದ್ದರ ಅವರದ ಇದ್ದ ರೊಕ್ಕನ ಅದಕ್ಕ ಹೊಳ್ಳಸ್ರಿ. ಹೊಸಾ ರೊಕ್ಕ ಬೇಕಾಗೇ ಇಲ್ಲ. ಒಂದ ಓಟಿಪಿ, ಮುಗೀತು."

ತೆರಿಗೆ ಉಳಿಸುವ ಫಂಡಿಗೆ ಮೂರು ವರ್ಷ ಬೀಗ ಎಂದು ಶುಭದಾಳಿಗೆ ಗೊತ್ತಿಲ್ಲದ್ದೇನಲ್ಲ. ಒಳಗೆ ಹೋದ ಹಣ ಜಪ್ಪಯ್ಯ ಅಂದರೂ ಅವಧಿ ಮುಗಿಯುವ ತನಕ ಹೊರಗೆ ಬರುವುದಿಲ್ಲ. ಯಾರ ಹಣ ಅದಕ್ಕೆ ತಿರುಗಿಸಬೇಕು? ಫೌಂಡ್ರಿಯವರು ಬೇಡ, ಅವರಿಗೆ ಹಣ ಯಾವಾಗ ಬೇಕಾಗುತ್ತದೋ ಹೇಳಲಿಕ್ಕಾಗದು. ಮನಸ್ಸು ಸೀದಾ ಹೋಗಿ ನಿಂತದ್ದು ಖಾನಾಪುರದ ಬಿಲ್ಕೀಸ ಟೀಚರ್ ಮನೆಯ ಮುಂದೆ.

ಬಿಲ್ಕೀಸ ಉರ್ದು ಶಾಲೆಯ ಶಿಕ್ಷಕಿ. ಗಂಡ ತೀರಿಕೊಂಡ ಮೇಲೆ ಬಂದ ಹಣವನ್ನು ಮಗಳು ಕೈನಾತಳ ಕಾಲೇಜಿಗೆಂದು ಶುಭದಾಳ ಕೈಯಲ್ಲೇ ಫಂಡಿಗೆ ಹಾಕಿಸಿದ್ದಳು. ಮಕ್ಕಳ ಲೆಕ್ಕವನ್ನು ಎರಡೆರಡು ಸಲ ತಿದ್ದುವ ಹೆಂಗಸು, ಶುಭದಾಳ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ನಡೆಯುವಳು. ಮೆಸೇಜು ಓದಿ ಅಂದರೆ ಬೇಜಾರು ಮಾಡಿಕೊಳ್ಳುವಳು. "ನಮ್ಮ ಮನ್ಯಾಗ ಕುಂತ ಉಂಡೀರಿ ಬಾಯಿ. ನಿಮ್ಮನ್ನ ತಪಾಸ ಮಾಡಾಕ ಹತ್ತಿದ್ರ ಅದು ನಮ್ಮ ಮರ್ಯಾದಿ ಅಲ್ಲ" ಎಂಬುದು ಆ ಮನೆಯ ರೀತಿ. ಅಷ್ಟಾದರೂ ಶುಭದಾ ಬಿಡುತ್ತಿರಲಿಲ್ಲ, ಪ್ರತಿ ಸಲ ಹಟ ಹಿಡಿದು ಓದಿಸಿಯೇ ಸಂಖ್ಯೆ ತೆಗೆದುಕೊಳ್ಳುತ್ತಿದ್ದಳು.

ಕೈನಾತ ಆಗ ಪಿಯುಸಿ ಎರಡನೇ ವರ್ಷದ ಪರೀಕ್ಷೆ ಬರೆಯುತ್ತಿದ್ದಳು. ಡಾಕ್ಟರಿಕೆಯ ಸೀಟಿಗಾಗಿ ಒಂದು ವರ್ಷ ಮನೆಯಲ್ಲೇ ಕೂತು ಓದುತ್ತೇನೆ ಎಂದು ಹುಡುಗಿ ಒಮ್ಮೆ ಅಂದದ್ದು ಶುಭದಾಳಿಗೆ ಚೆನ್ನಾಗಿ ನೆನಪಾಯಿತು. ಬೇಕಾದದ್ದು ಹೇಗೆ ನೆನಪಾಗುತ್ತದೆ ನೋಡಿ! ಹಣ ಹೇಗೂ ಸದ್ಯಕ್ಕೆ ಬೇಡ, ಬೇಕಾದಾಗ ತಾನೇ ಏನಾದರೂ ಮಾಡಿದರಾಯಿತು, ಫಂಡೇನು ಕೆಟ್ಟದ್ದಲ್ಲವಲ್ಲ ಎಂದು ತನಗೆ ತಾನೇ ಪಾಠ ಒಪ್ಪಿಸಿಕೊಂಡಳು. ಕಂಪ್ಯೂಟರಿನಲ್ಲಿ ವ್ಯವಹಾರ ಹಾಕಿ ಫೋನು ಹಚ್ಚಿದಳು. ಆ ಕಡೆ ಶಾಲೆಯ ಗದ್ದಲ.

"ಟೀಚರ್, ಒಂದ ಓಟಿಪಿ ಬಂದಿರಬೇಕು ನೋಡ್ರಿ."

"ಹಾಂ, ಬಂತು ಬಂತು. ಬರಕೋರಿ" ಎಂದು ಬಿಲ್ಕೀಸ ಸಂಖ್ಯೆ ಹೇಳಿದಳು. ಏತಕ್ಕೆ ಎಂದು ಕೇಳಲಿಲ್ಲ. ಓದಿ ಎಂದು ಇವಳೂ ಹೇಳಲಿಲ್ಲ. "ಕೈನಾತಗ ದುವಾ ಮಾಡ್ರಿ ಬಾಯಿ, ನಾಳೆ ಕೆಮಿಸ್ಟ್ರಿ ಪೇಪರ್ ಐತಿ."

"ಛಲೋ ಆಗತದರಿ" ಎಂದಳು ಶುಭದಾ. ಫೋನು ಇಟ್ಟು ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿದಳು. ಆಮೇಲೆ ವಿನೀತನಿಗೆ ಫೋನು ಮಾಡಿ, ಆಯ್ತು ಎಂದಳು.

ಶೀಲ್ಡು ಬಂತು. ವೇದಿಕೆ ಹತ್ತಿ ಶಾಲು ಹೊದ್ದು ನಿಂತಾಗ ಶುಭದಾ ಬೇರೆ ಯಾರನ್ನೂ ನೋಡಲಿಲ್ಲ, ಮುಗ್ಧಾಳ ಮುಖವನ್ನೇ ನೋಡಿದಳು. ಆ ಮುಖ ಸಪ್ಪಗಾಗಲಿ ಎಂದು ಎರಡು ವರ್ಷ ಕಾದಿದ್ದಳಲ್ಲ! ಮುಗ್ಧಾ ಎದ್ದು ನಿಂತು ಸೀಟಿ ಹೊಡೆದಂತೆ ಕೂಗಿ, ಫೋಟೋ ತೆಗೆದು, ಸಾಯಂಕಾಲ ಮನೆಗೆ ಕುಂದಾದ ಡಬ್ಬಿ ತಂದಳು. ಅತ್ತೆ ಶೀಲ್ಡನ್ನು ಸೆರಗಿನಿಂದ ಒರೆಸಿ ನೋಡಿ, "ಛಲೋ ಆತು. ಈ ಸಲ ಮುಗ್ಧಾ ಯಾಕ ಬಿಟ್ಟಕೊಟ್ಟಳು?" ಎಂದರು. ಶುಭದಾ ಶೀಲ್ಡನ್ನು ಕಸಿದುಕೊಂಡು ಕಪಾಟಿನಲ್ಲಿಟ್ಟು ಧಡ್ಡನೆ ಬಾಗಿಲು ಹಾಕಿದಳು. ತರಬೇತಿಗೆ ಹೋಗಲೂ ಇಲ್ಲ, ಮೊಣಕಾಲು ನೋವು ಎಂದಳು.

ಜುಲೈ ಬಂತು. ಕೈನಾತ ಮನಸ್ಸು ಬದಲಿಸಿದ್ದಳು. ಡಾಕ್ಟರಿಕೆ ಬೇಡ, ಫಾರ್ಮಸಿ ಓದುತ್ತೇನೆ ಎಂದಳು, ಬೆಳಗಾವಿಯಲ್ಲೇ ಸೀಟೂ ಸಿಕ್ಕಿತು. ಫೀ ಕಟ್ಟಲು ವಾರದ ಗಡುವು. ತಾಯಿ ಮಗಳು ಫೋನು ಹಿಡಿದು ಫಂಡಿನ ಹಣ ತೆಗೆಯಲು ಹೋದರೆ, ಬೀಗ ಬಿದ್ದಿದೆ, ಮೂರು ವರ್ಷ ತೆಗೆಯುವಂತಿಲ್ಲ ಎಂದು ಬಂತು.

ಬಿಲ್ಕೀಸಳ ಫೋನು ಬಂತು. ಸಿಕ್ಕಿಬಿದ್ದೆ ಎಂದುಕೊಂಡಳು ಶುಭದಾ. ಆದರೆ ಆ ಕಡೆಯಿಂದ ಬಂದ ಮಾತೇ ಬೇರೆ.

"ಬಾಯಿ, ಹೆಂಗ ಹೇಳ್ಲಿ ನಿಮಗ? ನಿಮ್ಮ ಮನಿ ಮಂದಿ ಮಾತು. ಇದು ನಿಮ್ಮ ನೆಗೆಣ್ಣಿ ಮಾಡಿದ್ದು ಐತಿ."

ಫೆಬ್ರುವರಿಯಲ್ಲಿ ಮುಗ್ಧಾ ಖಾನಾಪುರದ ಶಿಕ್ಷಕಿಯರಿಗೆ ಉಳಿತಾಯದ ಪಾಠ ಹೇಳಲು ಹೋಗಿದ್ದಳಂತೆ. ಆಗ ಬಿಲ್ಕೀಸಳ ಫೋನಿನಲ್ಲೇ ಅವಳ ಫಂಡಿನ ಖಾತೆಗೆ ಹೊಸ ವಿಳಾಸ ಸೇರಿಸಿಕೊಟ್ಟಿದ್ದಳಂತೆ. ಫೋನು ಅವಳ ಕೈಯಲ್ಲಿ ಅಷ್ಟು ಹೊತ್ತು ಇತ್ತಲ್ಲ, ಆಗಲೇ ಏನೋ ಒತ್ತಿದ್ದಾಳೆ ಎಂಬುದು ಬಿಲ್ಕೀಸಳ ತರ್ಕ. "ನೀವಂತೂ ಹಂಗ ಮಾಡೂ ಮಂದಿ ಅಲ್ಲ. ಬ್ಯಾರೆ ಯಾರ ಮುಟ್ಟ್ಯಾರ ನನ್ನ ಫೋನು?"

ಶುಭದಾ ಬಾಯಿ ತೆರೆದಳು. ಬಾಯಿಗೆ ಬಂದದ್ದು ಇಷ್ಟೇ, "ನಾ ನೋಡ್ತೀನಿ ಟೀಚರ್."

ಮರುದಿನ ಬಿಲ್ಕೀಸಳ ತಮ್ಮ ಅಮ್ಜದ, ಖಾನಾಪುರದಲ್ಲಿ ಇಟ್ಟಂಗಿ ಭಟ್ಟಿ ಇಟ್ಟವನು, ಮುಗ್ಧಾಳ ಗಾಜಿನ ಬಾಗಿಲಿನ ಆಫೀಸಿಗೆ ನುಗ್ಗಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದ. "ವಿಡಿಯೋದಾಗ ದೊಡ್ಡ ದೊಡ್ಡ ಮಾತು ಹೇಳ್ತಾಳ, ತಂದಿ ಇಲ್ಲದ ಹುಡುಗಿ ಫೀ ನುಂಗ್ಯಾಳ!" ನಿಂತು ನೋಡಿದವರಲ್ಲಿ ಯಾರೋ ಅದನ್ನೂ ವಿಡಿಯೋ ಮಾಡಿದರು. ಪಾಠ ಕೇಳಿ ಅವಳ ಕೈಯಲ್ಲಿ ಹಣ ಹಾಕಿಸಿದ್ದ ಖಾನಾಪುರದ ಶಿಕ್ಷಕಿಯರು ಒಬ್ಬೊಬ್ಬರೇ ಮುಗ್ಧಾಳಿಗೆ, ನಮ್ಮ ಹಣ ವಾಪಸು ತೆಗೆಸಿಕೊಡಿ ಎಂದು ಫೋನು ಹಚ್ಚತೊಡಗಿದರು.

ಸಾಯಂಕಾಲ ಮುಗ್ಧಾ ಬಂದು ಶುಭದಾಳ ಮುಂದೆ ಕುಸಿದು ಕೂತಳು. ಕಣ್ಣು ಊದಿದ್ದವು. "ಅಕ್ಕಾ, ದೇವರಾಣಿ, ನಾ ಏನೂ ಮಾಡಿಲ್ಲ. ಬಿಲ್ಕೀಸ ಟೀಚರ್ ನಿಮ್ಮ ಗಿರಾಕಿ, ನನ್ನ ಕಂಪ್ಯೂಟರದಾಗ ಅವರದೇನೂ ಕಾಣೂದಿಲ್ಲ. ನಿಮ್ಮದರಾಗ ಕಾಣತದಲ್ಲ? ಯಾರ ಮಾಡ್ಯಾರ ನೋಡಿ ಹೇಳ್ರಿ. ಇಲ್ಲಾಂದ್ರ ಕಂಪನಿಗೆ ಬರೀತೀನಿ."

"ಬರೀಬ್ಯಾಡ" ಎಂದಳು ಶುಭದಾ ಗಡಬಡಿಸಿ. "ಮನಿ ಮಾತು ಹೊರಗ ಯಾಕ? ನಾ ನೋಡ್ತೀನಿ. ಇವತ್ತ ಸರ್ವರ್ ಬಂದ್ ಅದ."

ಖರೇ ಹೇಳಬೇಕೆಂದರೆ, ಆ ಊದಿದ ಕಣ್ಣು ನೋಡಿ ಅವಳಿಗೆ ಸುಖವಾಯಿತು. ನಾಚಿಕೆಯೂ ಆಯಿತು, ಆದರೆ ಸುಖವಾದ ಮೇಲೆ. ಎಷ್ಟು ವರ್ಷದಿಂದ ಬೇಡಿದ್ದಳು, ಈ ಹುಡುಗಿ ಒಮ್ಮೆ ತಲೆ ತಗ್ಗಿಸಲಿ ಎಂದು! ದೇವರು ತಟ್ಟೆಯಲ್ಲಿಟ್ಟು ಕೊಟ್ಟಿದ್ದ. ತಪ್ಪು ತನ್ನದು, ಮಸಿ ಅವಳ ಮುಖಕ್ಕೆ. ಸುಮ್ಮನಿದ್ದರೆ ಸಾಕು. ಅವಳ ತಲೆಯಲ್ಲಿ ಒಂದು ಉಪಾಯವೂ ಮೊಳೆಯಿತು. ತನ್ನ ಸ್ವಂತ ಉಳಿತಾಯದಿಂದ ಕೈನಾತಳ ಫೀ ಕಟ್ಟಿಬಿಡುವುದು. ಹುಡುಗಿಗೆ ಕಾಲೇಜು ಸಿಗುತ್ತದೆ, ಬಿಲ್ಕೀಸ ಹರಸುತ್ತಾಳೆ, ಮನೆಯ ಮರ್ಯಾದೆ ಉಳಿಸಿದವಳು ಹಿರಿಯ ಸೊಸೆ ಎಂದು ಊರು ಹೊಗಳುತ್ತದೆ. ಮುಗ್ಧಾ ಮಾತ್ರ ಮಸಿಯ ಮುಖದಲ್ಲೇ ಉಳಿಯುತ್ತಾಳೆ.

ಅತ್ತೆಗೆ ವಿಡಿಯೋದ ಸುದ್ದಿ ಮುಟ್ಟಿತು. ಅಡುಗೆಮನೆಯಲ್ಲಿ ಭಾಕರಿ ತಟ್ಟುತ್ತಿದ್ದ ಶುಭದಾಳಿಗೆ ಪಡಸಾಲೆಯಲ್ಲಿ ಮುಗ್ಧಾಳನ್ನು ಬೈಯುವ ಕಾಂತಾಬಾಯಿಯ ಧ್ವನಿ ಕೇಳಿಸಿತು. "ಬಡವರ ರೊಕ್ಕಕ್ಕ ಕೈ ಹಾಕಿದಿ? ನಮ್ಮ ಮನಿ ಹೆಸರ ಮಣ್ಣಿಗೆ ಹಾಕಿದೆಲ್ಲ! ಶುಭದಾನ್ನ ನೋಡಿ ಕಲೀಬೇಕಿತ್ತು. ಇಷ್ಟ ವರ್ಷ ಆತು, ಒಬ್ಬರರೆ ಅಕಿನ್ನ ಬೆರಳ ಎತ್ತಿ ತೋರಿಸ್ಯಾರೇನು?"

ಈ ಮಾತು ಅತ್ತೆಯ ಬಾಯಿಂದ ಬರಲೆಂದು ಶುಭದಾ ಮದುವೆಯಾದಾಗಿನಿಂದ ಹಾತೊರೆದಿದ್ದಳು. ಬಂತು. ಮುಗ್ಧಾ ಜಗಳ ಮಾಡಲಿಲ್ಲ, "ಹೌದ್ರಿ, ಅಕ್ಕನ ಹಂಗ ಇದ್ದಿದ್ದರ ಯಾರೂ ನನ್ನ ಮ್ಯಾಲೆ ಸಂಶೇ ಪಡತಿರಲಿಲ್ಲ" ಎಂದಳು. ಹಂಚಿನ ಮೇಲಿನ ಭಾಕರಿ ಕರಕಾಗಿ ಹೊಗೆ ಎದ್ದಿತು. ಶುಭದಾಳಿಗೆ ಹೊಗೆಯ ವಾಸನೆಯೂ ಬರಲಿಲ್ಲ. ಕೇಳಿದ ಹೊಗಳಿಕೆ ಹೊಟ್ಟೆಗೆ ಇಳಿಯಲೊಲ್ಲದು. ಮುಗ್ಧಾಳನ್ನು ಸೋಲಿಸಬೇಕೆಂದಿದ್ದವಳು ಶುಭದಾ. ಸೋಲಿಸಿದ್ದು ಶುಭದಾ ಅಲ್ಲ, ಅವಳ ಹೆಸರು ಹಾಕಿಕೊಂಡ ಯಾವಳೋ ಕಳ್ಳಿ. ಹಾಗಾದರೆ ಮುಗ್ಧಾ ಸೋತೇ ಇಲ್ಲ! ಥೂ, ಇದರಲ್ಲೂ ಅವಳೇ ಮೇಲು.

ಮರುದಿನ ಚೆಕ್ಕು ಬರೆದು ಪರ್ಸಿನಲ್ಲಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದಳು. ಕೊಡುವುದು ಗಟ್ಟಿ. ಹೇಳುವುದೋ ಬಿಡುವುದೋ, ಅದು ಮಾತ್ರ ಗಟ್ಟಿಯಾಗಿರಲಿಲ್ಲ. ಮಳೆಯಲ್ಲಿ ಸ್ಕೂಟಿ ಬೇಡ ಎಂದು ಬಸ್ಸು, ಬಸ್ಸಿನಲ್ಲೋ ಮೈಮೇಲೆ ಬೀಳುವಷ್ಟು ಜನ. ಪೀರನವಾಡಿ ದಾಟುವಾಗ ಸುಮ್ಮನಿರೋಣ ಅನ್ನಿಸಿತು, ಖಾನಾಪುರದ ಸೇತುವೆ ಬಂದಾಗ ಹೇಳಿಬಿಡೋಣ ಅನ್ನಿಸಿತು, ಬಿಲ್ಕೀಸಳ ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವಾಗ ಮತ್ತೆ ಸುಮ್ಮನಿರೋಣ ಅನ್ನಿಸಿತು.

"ಅರೇ, ಬರ್ರಿ ಬಾಯಿ, ಒಳಗ ಬರ್ರಿ. ಪೂರಾ ತೊಯ್ದೀರಿ!" ಬಿಲ್ಕೀಸ ಟವೆಲು ಕೊಟ್ಟಳು, ಚಹಾ ತಂದಳು. ಚೆಕ್ಕು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. "ನಿಮ್ಮ ನೆಗೆಣ್ಣಿ ಮಾಡಿದ್ದಕ್ಕ ನೀವು ತುಂಬೂದೇನು? ಎಂಥಾ ದಿಲ್ ಬಾಯಿ ನಿಮ್ಮದು! ನಾ ಎಲ್ಲಾ ಟೀಚರ್ ಮಂದಿಗೂ ಹೇಳೀನಿ, ಆ ಮುಗ್ಧಾನ್ನ ಹೊಸ್ತಿಲ ತುಳಸಬ್ಯಾಡ್ರಿ ಅಂತ."

ಶುಭದಾ ಚಹಾ ಗುಟುಕರಿಸಿದಳು.

ಆಗ ಬಿಲ್ಕೀಸ ತನ್ನ ಫೋನನ್ನು ಬೀಗ ತೆಗೆದು ಅವಳ ತೊಡೆಯ ಮೇಲೆ ಇಟ್ಟಳು. "ಇನ್ನೊಂದ ಸಣ್ಣ ಫಂಡ್ ಐತಲ್ಲ, ಅದರಾಗೂ ಆಕಿ ಏನರೆ ಮಾಡ್ಯಾಳೋ ಏನೋ. ನೀವ ನೋಡ್ರಿ. ಓಟಿಪಿ ಬಂದ್ರ ನೀವ ತಗೊಂಡ ಹಾಕ್ರಿ, ನನಗೇನ ಕೇಳೂದು? ನಾ ಅಷ್ಟ್ರಾಗ ನಮಾಜ್ ಮುಗಿಸಿ ಬರ್ತೀನಿ."

ಬಿಲ್ಕೀಸ ಒಳಗೆ ಹೋದಳು. ತೆರೆದ ಫೋನು ತೊಡೆಯ ಮೇಲೆ, ಕೋಣೆಯಲ್ಲಿ ಯಾರೂ ಇಲ್ಲ. ಕಳ್ಳಿಯ ಕೈಗೆ ಬೀಗದ ಕೈ ಕೊಟ್ಟು ದೇವರ ಮುಂದೆ ಹೋಗಿ ನಿಂತಿದ್ದಾಳಲ್ಲ ಈ ಹೆಂಗಸು! ಮಾರ್ಚಿನ ಆ ಮೆಸೇಜನ್ನು ಅಳಿಸಿಬಿಡಬಹುದಿತ್ತು, ಒಂದು ಬೆರಳಿನ ಕೆಲಸ. ಬೆರಳು ಅಲ್ಲಿಗೆ ಹೋಯಿತು ಕೂಡ. ಹೋದದ್ದು ವಾಪಸು ಬಂತು. ಇನ್ನು ತಡೆಯಲಾಗಲಿಲ್ಲ.

ಬಿಲ್ಕೀಸ ಬಂದ ಕೂಡಲೇ ಹೇಳಿದಳು, "ಟೀಚರ್, ಅದು ಮುಗ್ಧಾ ಮಾಡಿದ್ದಲ್ಲ. ನಾ ಮಾಡೀನಿ."

ಬಿಲ್ಕೀಸ ಅವಳ ಮುಖ ನೋಡಿ, ಹತ್ತಿರ ಬಂದು, ಕೈ ಹಿಡಿದುಕೊಂಡು ನಕ್ಕಳು. "ಗೊತ್ತಾತು ಬಾಯಿ, ಗೊತ್ತಾತು. ಸಣ್ಣಾಕಿನ ಉಳಸಾಕ ನಿಮ್ಮ ತಲಿ ಮ್ಯಾಲೆ ಹಾಕ್ಕೊಳ್ಳಾಕ ಹತ್ತೀರಿ. ಹಿರೇತನ ಅಂದ್ರ ಇದು."

ಇದಕ್ಕೇನು ಹೇಳಬೇಕು? ಸುಳ್ಳು ಹೇಳಿದಾಗ ನಂಬಿದವಳು ಖರೇ ಹೇಳಿದರೆ ನಂಬಲೊಲ್ಲಳು! ಶುಭದಾಳಿಗೆ ಅಳು ಬಂತು, ಸಿಟ್ಟೂ ಬಂತು, ತನ್ನ ಮೇಲೆಯೋ ಬಿಲ್ಕೀಸಳ ಮೇಲೆಯೋ ತಿಳಿಯಲಿಲ್ಲ. ಫೋನನ್ನು ಬಿಲ್ಕೀಸಳ ಕೈಗೆ ಒತ್ತಿ ಹಿಡಿಸಿದಳು. "ಓದ್ರಿ. ನಿಮ್ಮ ಕಾಲ ಬೀಳ್ತೀನಿ, ಇದೊಂದ ಮೆಸೇಜ್ ಪೂರಾ ಓದ್ರಿ. ಕೈನಾತಂದು ಕೆಮಿಸ್ಟ್ರಿ ಪೇಪರ್ ಇನ್ನ ನಾಳೆ ಇತ್ತು, ನೀವು ಸಾಲ್ಯಾಗ ಇದ್ರಿ. ಅವತ್ತ ಯಾರ ಫೋನ್ ಮಾಡಿದ್ರು ನೆನಪ ಮಾಡಕೋರಿ."

ಬಿಲ್ಕೀಸ ಕನ್ನಡಕ ಹಾಕಿಕೊಂಡು ಓದಿದಳು. ಹಣದ ಮೊತ್ತ ಓದಿದಳು, ಫಂಡಿನ ಹೆಸರು ಓದಿದಳು, ಮೂರು ವರ್ಷ ಎಂಬುದನ್ನು ಓದಿದಳು, ತಾರೀಖು ಓದಿದಳು. ಓದುತ್ತಾ ಓದುತ್ತಾ ಹಿಡಿದಿದ್ದ ಕೈ ಬಿಟ್ಟಳು. ಕನ್ನಡಕ ತೆಗೆದು ಮಡಚಿಟ್ಟಳು.

"ಯಾಕ ಮಾಡಿದ್ರಿ?" ಎಂದು ಕೊನೆಗೆ ಕೇಳಿದಳು.

"ಹೊಟ್ಟಿಕಿಚ್ಚಿಗೆ" ಎಂದಳು ಶುಭದಾ. "ಆಕಿಗಿಂತ ಮುಂದ ಹೋಗಬೇಕಿತ್ತು."

"ನಿಮಗ ಬೇಕಾಗಿದ್ರ ಕೇಳಬೇಕಿತ್ತು. ನಾ ಕೊಡತಿದ್ನಿ." ಬಿಲ್ಕೀಸ ಚೆಕ್ಕನ್ನು ಮಡಚಿ ವಾಪಸು ಕೊಟ್ಟಳು. "ಫೀ ಅಮ್ಜದ ಕಟ್ಟತಾನ. ನೀವು ಮುಗ್ಧಾಬಾಯಿನ್ನ ಕರಸ್ರಿ. ಆಕಿ ಮುಂದ ನಾ ಮಾಫಿ ಕೇಳಬೇಕು. ಇನ್ನ ಮ್ಯಾಲೆ ನಮ್ಮ ಲೆಕ್ಕ ಆಕಿನ ನೋಡ್ಲಿ."

ಹೀಗೆ ಶುಭದಾ ತನ್ನ ಕೈಯಾರೆ, ತನ್ನ ಫೋನಿನಿಂದಲೇ ನೆಗೆಣ್ಣಿಯನ್ನು ಆ ಮನೆಗೆ ಕರೆಯಬೇಕಾಯಿತು. ಮುಗ್ಧಾ ಮುಂದಿನ ಬಸ್ಸಿಗೇ ಬಂದಳು. ಶುಭದಾ ಅವಳಿಗೂ ಹೇಳಿದಳು, ಎದುರಿಗೆ ನಿಂತು, ಏನೂ ಮುಚ್ಚಿಡದೆ. ಮುಗ್ಧಾ ಪೂರ್ತಿ ಕೇಳಿಸಿಕೊಂಡು ಬಿಲ್ಕೀಸಳ ಕಡೆ ತಿರುಗಿದಳು. ಬಿಲ್ಕೀಸ ಮಾಫಿ ಕೇಳಿದಳು, ಅಮ್ಜದನನ್ನೂ ಆಫೀಸಿಗೆ ಕಳಿಸಿ ಕೇಳಿಸುತ್ತೇನೆ ಎಂದಳು. ಏಜೆಂಟ್ ಬದಲಿಸುವ ಕೆಲಸ ನಡೆಯಿತು, ಅದಕ್ಕೂ ಒಂದು ಓಟಿಪಿ ಬಂತು. ಬಿಲ್ಕೀಸ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಪ್ರತಿ ಅಕ್ಷರ ಓದಿದಳು. ಕೈನಾತಳನ್ನು ಕರೆದು ಮತ್ತೊಮ್ಮೆ ಓದಿಸಿದಳು. ಇದೇನು, ಅದೇನು ಎಂದು ಮುಗ್ಧಾಳನ್ನು ತಿರುಗಿ ತಿರುಗಿ ಕೇಳಿದಳು. ಆಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ ಸಂಖ್ಯೆ ಹೇಳಿದಳು. ಚಹಾ ಯಾರಿಗೂ ಬರಲಿಲ್ಲ.

ವಾಪಸು ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಶುಭದಾ ಕಿಟಕಿಯ ಕಡೆ. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದಳು. ಕಾಯುತ್ತಾ ಇದ್ದಾಗಲೂ, ನಾಚಿಕೆಗೇಡಿ ಹೊಟ್ಟೆ, ಬಿಲ್ಕೀಸಳ ಮನೆ ಈಗ ಇವಳ ಪಾಲಾಯಿತಲ್ಲ ಎಂದು ಒಳಗೊಳಗೇ ಉರಿಯುತ್ತಲೇ ಇತ್ತು.

ದೇಸೂರಿನ ಹತ್ತಿರ ಮುಗ್ಧಾ ಬಾಯಿ ಬಿಟ್ಟಳು. "ಅಕ್ಕಾ, ನಿಮಗ ಒಂದ ಮಾತ ಹೇಳಬೇಕು. ನನಗ ನಿಮ್ಮ ಮ್ಯಾಲೆ ಭಾಳ ಹೊಟ್ಟಿಕಿಚ್ಚ ಇತ್ತು."

ಶುಭದಾ ತಿರುಗಿ ನೋಡಿದಳು. ಚೇಷ್ಟೆ ಮಾಡುತ್ತಿದ್ದಾಳೋ ಎಂದುಕೊಂಡಳು.

"ಖರೇನ. ಮಂದಿ ನನ್ನ ವಿಡಿಯೋ ನೋಡ್ತಾರ, ಕೈ ಕುಲುಕತಾರ, ರೊಕ್ಕಾನೂ ಕೊಡ್ತಾರ. ಆದರ ಹತ್ತ ಸಲ ಓದಿ, ಹತ್ತ ಮಂದಿನ್ನ ಕೇಳಿ ಕೊಡ್ತಾರ. ನಿಮಗ ಒಂದ ಫೋನಿನ ಮ್ಯಾಲೆ ಎಲ್ಲಾ ಕೊಡ್ತಿದ್ರು. ಒಬ್ಬರರೆ, ಒಬ್ಬರರೆ ನನ್ನ ಹಂಗ ನಂಬಿದ್ದರ ಸಾಕಿತ್ತು ಅಂತ ನಾ ಎಷ್ಟ ಸಲ ಅತ್ತೀನಿ ಗೊತ್ತದ ಏನು ನಿಮಗ? ಆ ಮುರುಕ ಶೀಲ್ಡ ಯಾರಿಗೆ ಬೇಕಾಗಿತ್ತು? ಇವತ್ತ ಬಿಲ್ಕೀಸ ಟೀಚರ್ ಹೆಂಗ ಓದಿದ್ರು ನೋಡಿದ್ರಲ್ಲ? ಅವರು ಇನ್ನ ಯಾರಿಗೂ ಓದದ ಕೊಡೂದಿಲ್ಲ. ಓದಲಿ, ಓದೂದ ಛಲೋ. ಆದ್ರ ನನಗ ಬೇಕಾದದ್ದು ನಿಮ್ಮ ಕಡೆ ಇತ್ತು ಅಕ್ಕಾ. ಅದನ್ನ ನೀವು ಒಲಿಗೆ ಹಾಕಿದ್ರಿ."

ಇಷ್ಟು ವರ್ಷ ಹೊಟ್ಟೆ ಉರಿದುಕೊಂಡ ಶುಭದಾಳಿಗೆ, ತನ್ನನ್ನು ನೋಡಿಯೂ ಒಬ್ಬಳು ಉರಿದುಕೊಂಡಿದ್ದಳು ಎಂಬ ಸುದ್ದಿ ಮುಟ್ಟಿದ್ದು ಅವತ್ತು, ನೋಡಿ ಉರಿಯುವಂಥದ್ದು ತನ್ನಲ್ಲಿ ಏನೂ ಉಳಿಯದಿದ್ದ ದಿನ.

ಕಂಡಕ್ಟರ್ ಬಂದ. ಮುಗ್ಧಾ ತನ್ನ ಆಧಾರ್ ಕಾರ್ಡು ತೋರಿಸಿ ತನ್ನೊಬ್ಬಳ ಪುಕ್ಕಟೆ ಟಿಕೆಟ್ ತೆಗೆದುಕೊಂಡಳು. ಪೀರನವಾಡಿಯಲ್ಲಿ ಮುಂದಿನ ಸೀಟು ಖಾಲಿಯಾಯಿತು, ಅವಳು ಎದ್ದು ಅಲ್ಲಿ ಹೋಗಿ ಕೂತಳು.